ಜೀವನಾಂಶದ ಮೇಲೆ ಮರುಮದುವೆ ಮತ್ತು ಸಹಜೀವನದ ಪರಿಣಾಮ

ವಿಚ್ಛೇದನದ ಬಳಿಕ ಜೀವನಾಂಶ ಪಡೆಯುತ್ತಿರುವವರು ಮರುಮದುವೆಯಾದಾಗ ಅಥವಾ ಮದುವೆಯಿಲ್ಲದೆ ಇನ್ನೊಬ್ಬರೊಡನೆ ಬಾಳತೊಡಗಿದಾಗ ಆ ಹಣ ಮುಂದುವರಿಯಬೇಕೆ, ಕಡಿಮೆಯಾಗಬೇಕೆ, ನಿಲ್ಲಬೇಕೆ ಎಂಬುದು ಕೌಟುಂಬಿಕ ಕಾನೂನಿನ ಮುಖ್ಯ ಪ್ರಶ್ನೆಗಳಲ್ಲೊಂದು. ಭಾರತದಲ್ಲಿ ಇದಕ್ಕೆ ಒಂದೇ ಉತ್ತರವಿಲ್ಲ. ಜೀವನಾಂಶದ ಆದೇಶ ಯಾವ ಕಾಯ್ದೆಯಡಿ ಹೊರಟಿದೆ, ಹಣ ತಿಂಗಳು ತಿಂಗಳು ಸಲ್ಲುತ್ತಿದೆಯೋ ಇಡಿಗಂಟಾಗಿ ಸಂದಿದೆಯೋ, ಹೊಸ ಸಂಬಂಧ ಮದುವೆಯೋ ಸಹಜೀವನವೋ ಎಂಬುದನ್ನು ನೋಡಿ ನ್ಯಾಯಾಲಯ ತೀರ್ಮಾನಿಸುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಮರುಮದುವೆಯಿಂದ ಮಾಸಿಕ ಜೀವನಾಂಶ ನಿಲ್ಲುತ್ತದೆ ಇಲ್ಲವೇ ನಿಲ್ಲುವ ಹಂತಕ್ಕೆ ಬರುತ್ತದೆ. ಮದುವೆಯಲ್ಲದ ಸಂಬಂಧದ ಪರಿಣಾಮ ಬಹುಮಟ್ಟಿಗೆ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಈಗಾಗಲೇ ಸಂದ ಇಡಿಗಂಟಿಗೂ ಮಕ್ಕಳ ಪಾಲಿನ ಹಣಕ್ಕೂ ಸಾಮಾನ್ಯವಾಗಿ ಯಾವ ಬಾಧೆಯೂ ಇಲ್ಲ.

ನಿಯಮದ ಹಿಂದಿನ ತತ್ತ್ವಗಳು

ಹೊಸ ಸಂಬಂಧಕ್ಕೂ ಜೀವನಾಂಶಕ್ಕೂ ಗಂಟುಹಾಕುವ ನಿಯಮಗಳಲ್ಲಿ ಎರಡು ಬೇರೆ ಬೇರೆ ವಿಚಾರಗಳು ಬೆರೆತಿವೆ. ಮೊದಲನೆಯದು ಆರ್ಥಿಕವಾದದ್ದು. ತನ್ನನ್ನು ತಾನು ಸಾಕಿಕೊಳ್ಳಲಾಗದ ವ್ಯಕ್ತಿಗೆ ಆಸರೆ ಒದಗಿಸುವುದು ಜೀವನಾಂಶದ ಉದ್ದೇಶ. ಮರುಮದುವೆಯಾದರೆ ಆ ಹೊಣೆ ಹೊಸ ಸಂಗಾತಿಗೆ ವರ್ಗವಾಗುತ್ತದೆ. ಹಿಂದಿನ ಸಂಗಾತಿಯ ಹೊಣೆ ಅಲ್ಲಿಗೆ ಮುಗಿಯುತ್ತದೆ. ಎರಡನೆಯದು ನಡತೆಗೆ ಸಂಬಂಧಿಸಿದ್ದು. ಗಂಡನಿಂದ ಜೀವನಾಂಶ ಪಡೆಯುವ ಹೆಂಡತಿ ಶೀಲವಂತಳಾಗಿರಬೇಕು ಎಂಬ ಹಳೆಯ ನಿರೀಕ್ಷೆ ಹಿಂದೂ ಧರ್ಮಶಾಸ್ತ್ರದಲ್ಲೂ ಇಂಗ್ಲೆಂಡಿನ ಚರ್ಚ್ ನ್ಯಾಯಾಲಯಗಳ ಪದ್ಧತಿಯಲ್ಲೂ ಇತ್ತು. ಭಾರತದ ಇಂದಿನ ಕಾಯ್ದೆಗಳಲ್ಲಿ ಇವೆರಡೂ ಉಳಿದುಬಂದಿವೆ.

ಈ ಬೆರಕೆಯಿಂದ ಒಂದು ತೊಡಕು ಹುಟ್ಟುತ್ತದೆ. ಆರ್ಥಿಕ ದೃಷ್ಟಿಯಿಂದ ನೋಡಿದರೆ, ಹೊಸ ಸಂಗಾತಿಯಿಂದ ಬಿಡಿಗಾಸೂ ಸಿಗದ ಸಂಬಂಧವು ಜೀವನಾಂಶವನ್ನು ತಟ್ಟಬಾರದು. ನಡತೆಯ ದೃಷ್ಟಿಯಿಂದ ನೋಡಿದರೆ ಹಣದ ಲೆಕ್ಕಕ್ಕೆ ಅಲ್ಲಿ ಜಾಗವೇ ಇಲ್ಲ. ಕಳೆದ ಕೆಲವು ದಶಕಗಳ ತೀರ್ಪುಗಳು ನಿಧಾನವಾಗಿ ಆರ್ಥಿಕ ತತ್ತ್ವದ ಕಡೆ ವಾಲಿವೆಯಾದರೂ ನಡತೆಯ ಮಾತು ಕಾಯ್ದೆಯ ಪಠ್ಯದಿಂದ ಅಳಿದಿಲ್ಲ.

ಹಿಂದೂ ವಿವಾಹ ಕಾಯ್ದೆ, 1955

ಹಿಂದೂ, ಬೌದ್ಧ, ಜೈನ ಮತ್ತು ಸಿಖ್ಖರಿಗೆ ಅನ್ವಯಿಸುವ ಈ ಕಾಯ್ದೆಯ 24ನೇ ಕಲಂ ಮೊಕದ್ದಮೆ ನಡೆಯುವಾಗಿನ ಮಧ್ಯಂತರ ಜೀವನಾಂಶವನ್ನೂ 25ನೇ ಕಲಂ ಶಾಶ್ವತ ಜೀವನಾಂಶವನ್ನೂ ಹೇಳುತ್ತವೆ. ಎರಡರಲ್ಲೂ ಹೆಂಡತಿ ಮಾತ್ರವಲ್ಲ, ಗಂಡನೂ ಅರ್ಜಿ ಹಾಕಬಹುದು. ಶಾಶ್ವತ ಜೀವನಾಂಶವನ್ನು ಇಡಿಗಂಟಾಗಿ ಅಥವಾ ಮಾಸಿಕ ಇಲ್ಲವೇ ನಿಯತಕಾಲಿಕ ಕಂತಾಗಿ ಗೊತ್ತುಪಡಿಸಬಹುದು. ಕೊಡಬೇಕಾದವರ ಸ್ಥಿರಾಸ್ತಿಯ ಮೇಲೆ ಅದರ ಭಾರ ಹೊರಿಸಲೂ ಅವಕಾಶವಿದೆ.

ಹೊಸ ಸಂಬಂಧದ ವಿಷಯ ಬರುವುದು 25ನೇ ಕಲಮಿನ ಮೂರನೇ ಉಪಕಲಮಿನಲ್ಲಿ. ಜೀವನಾಂಶ ಪಡೆಯುವವರು ಮರುಮದುವೆಯಾದರೆ, ಪಡೆಯುವವಳು ಹೆಂಡತಿಯಾಗಿದ್ದು ಶೀಲವಂತಳಾಗಿ ಉಳಿಯದಿದ್ದರೆ, ಅಥವಾ ಪಡೆಯುವವನು ಗಂಡನಾಗಿದ್ದು ವಿವಾಹದ ಹೊರಗೆ ಯಾವುದೇ ಹೆಂಗಸಿನೊಡನೆ ದೈಹಿಕ ಸಂಬಂಧ ಇಟ್ಟುಕೊಂಡರೆ, ಇನ್ನೊಬ್ಬ ಕಕ್ಷಿದಾರರ ಕೋರಿಕೆಯ ಮೇಲೆ ನ್ಯಾಯಾಲಯ ಆದೇಶವನ್ನು ಬದಲಿಸಬಹುದು, ಮಾರ್ಪಡಿಸಬಹುದು ಅಥವಾ ರದ್ದುಮಾಡಬಹುದು.

ಮೂಲ ಕಾಯ್ದೆ ಇದಕ್ಕಿಂತ ಬಿಗಿಯಾಗಿತ್ತು. ಅರ್ಜಿದಾರರು ಮದುವೆಯಾಗದೆ ಇರುವವರೆಗೆ ಮಾತ್ರ ಹಣ ಸಲ್ಲಬೇಕು ಎಂಬ ಮಾತು ಮೊದಲ ಉಪಕಲಮಿನಲ್ಲೇ ಇತ್ತು. ಮರುಮದುವೆ ಅಥವಾ ಶೀಲಭಂಗ ಸಾಬೀತಾದರೆ ಆದೇಶವನ್ನು ರದ್ದುಮಾಡಲೇಬೇಕೆಂದು ಮೂರನೇ ಉಪಕಲಂ ವಿಧಿಸಿತ್ತು. 1976ರ ತಿದ್ದುಪಡಿ ಮೊದಲ ಮಾತನ್ನು ತೆಗೆದುಹಾಕಿತು, ಎರಡನೆಯದನ್ನು ವಿವೇಚನಾಧಿಕಾರವಾಗಿ ಮಾರ್ಪಡಿಸಿತು. ಹೀಗಾಗಿ ಈ ಕಾಯ್ದೆಯಡಿ ಮರುಮದುವೆ ಕೂಡ ಜೀವನಾಂಶವನ್ನು ತಾನಾಗಿ ಕೊನೆಗಾಣಿಸುವುದಿಲ್ಲ. ಹೊಸ ಮನೆಯ ಆದಾಯ, ಅರ್ಜಿದಾರರ ಅಗತ್ಯ, ಎರಡೂ ಕಡೆಯ ನಡವಳಿಕೆ ಇವನ್ನು ತೂಗಿ ನ್ಯಾಯಾಧೀಶರು ತೀರ್ಮಾನಿಸುತ್ತಾರೆ. ಕಾರ್ಯತಃ ಮಾತ್ರ, ಸಿಂಧುವಾದ ಮರುಮದುವೆಯ ನಂತರವೂ ಮಾಸಿಕ ಹಣ ಮುಂದುವರಿಯುವುದು ಅಪರೂಪ. ಎರಡನೇ ಉಪಕಲಮಿನ ಪ್ರಕಾರ ಪರಿಸ್ಥಿತಿಯಲ್ಲಾದ ಯಾವುದೇ ಬದಲಾವಣೆಯ ಆಧಾರದ ಮೇಲೂ ಆದೇಶವನ್ನು ಮರುಪರಿಶೀಲಿಸಬಹುದಾದ್ದರಿಂದ, ಶೀಲದ ಪ್ರಶ್ನೆ ಎತ್ತದೆ ಬರೀ ಆರ್ಥಿಕ ಆಧಾರದ ಮೇಲೆ ಕಡಿತ ಕೇಳುವ ದಾರಿಯೂ ತೆರೆದಿದೆ.

ದಂಡ ಪ್ರಕ್ರಿಯೆಯ ಕಾನೂನು

ಎಲ್ಲ ಧರ್ಮದವರೂ ಬಳಸಬಹುದಾದ ಮಾರ್ಗವೆಂದರೆ 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಬಂದಿದೆ. 1898ರ ಹಳೆಯ ಸಂಹಿತೆಯಲ್ಲಿ ಜೀವನಾಂಶದ ಹಕ್ಕು ದಾಂಪತ್ಯ ಉಳಿದಿರುವ ಹೆಂಡತಿಗೆ ಮಾತ್ರ ಇತ್ತು. 1973ರ ಸಂಹಿತೆ ವಿಚ್ಛೇದಿತೆಯನ್ನೂ ‘ಹೆಂಡತಿ’ ಎಂಬ ವ್ಯಾಖ್ಯೆಯೊಳಗೆ ತಂದಿತು. ಆದರೆ ಆಕೆ ಮರುಮದುವೆಯಾಗಿರಬಾರದು ಎಂಬ ಷರತ್ತು ಹಾಕಿತು. ಆದೇಶವಾದ ನಂತರ ಆಕೆ ಮದುವೆಯಾದರೆ, ಮದುವೆಯ ದಿನದಿಂದಲೇ ಅನ್ವಯವಾಗುವಂತೆ ಅದನ್ನು ರದ್ದುಮಾಡಬೇಕೆಂದು 127ನೇ ಕಲಂ ಹೇಳುತ್ತಿತ್ತು. ಹೊಸ ಸಂಹಿತೆಯಲ್ಲಿ ಅದು 146ನೇ ಕಲಂ. ಹಿಂದೂ ವಿವಾಹ ಕಾಯ್ದೆಯಲ್ಲಿರುವ ವಿವೇಚನೆ ಇಲ್ಲಿಲ್ಲ. ಮದುವೆಯ ದಿನದವರೆಗಿನ ಬಾಕಿ ಮಾತ್ರ ಬಾಕಿಯಾಗಿಯೇ ಉಳಿಯುತ್ತದೆ. ಎರಡನೇ ಮದುವೆ ಮುರಿದುಬಿದ್ದರೂ ಮೊದಲ ಗಂಡನ ಮೇಲಿನ ಹಕ್ಕು ಮರಳಿ ಚಿಗುರುವುದಿಲ್ಲ. ಆಕೆ ಎರಡನೇ ಗಂಡನಿಂದ ಜೀವನಾಂಶ ಕೇಳಬೇಕಾಗುತ್ತದೆ.

ಮದುವೆಯಲ್ಲದ ಸಂಬಂಧಕ್ಕೆ ಅನ್ವಯಿಸುವುದು 125ನೇ (ಈಗಿನ 144ನೇ) ಕಲಮಿನ ನಾಲ್ಕನೇ ಉಪಕಲಂ. ವ್ಯಭಿಚಾರದಲ್ಲಿ ಬಾಳುತ್ತಿರುವ, ಸಕಾರಣವಿಲ್ಲದೆ ಗಂಡನೊಡನೆ ಇರಲು ಒಪ್ಪದ, ಅಥವಾ ಪರಸ್ಪರ ಸಮ್ಮತಿಯಿಂದ ಬೇರೆ ವಾಸಿಸುತ್ತಿರುವ ಹೆಂಡತಿಗೆ ಜೀವನಾಂಶವಿಲ್ಲ ಎಂದು ಅದು ಹೇಳುತ್ತದೆ. ‘ಬಾಳುತ್ತಿರುವ’ ಎಂಬ ಮಾತಿಗೆ ಹಲವು ಹೈಕೋರ್ಟ್‌ಗಳು ಒತ್ತುಕೊಟ್ಟಿವೆ. ಎಂದೋ ನಡೆದ ಒಂದು ಪ್ರಸಂಗ ಸಾಲದು. ಸಂಬಂಧ ನಿರಂತರವಾಗಿರಬೇಕು, ಅರ್ಜಿಯ ಸುಮಾರಿಗೂ ಮುಂದುವರಿದಿರಬೇಕು ಎಂಬುದು ಅವುಗಳ ನಿಲುವು.

ವಿಚ್ಛೇದನ ಆಗಿಹೋದ ಮೇಲೆ ಈ ಉಪಕಲಂ ಅನ್ವಯಿಸುತ್ತದೆಯೇ ಎಂಬುದು ಸೂಕ್ಷ್ಮವಾದ ಪ್ರಶ್ನೆ. ದಾಂಪತ್ಯವೇ ಇಲ್ಲದವಳು ಗಂಡನೊಡನೆ ಇರಲು ನಿರಾಕರಿಸುವ ಮಾತೇ ಬರುವುದಿಲ್ಲ. ಸುಪ್ರೀಂ ಕೋರ್ಟ್ 1995ರಲ್ಲಿ, ಸಮ್ಮತಿಯ ವಿಚ್ಛೇದನ ಪಡೆದ ಮಹಿಳೆಯನ್ನು ‘ಸಮ್ಮತಿಯಿಂದ ಬೇರೆ ವಾಸಿಸುವ ಹೆಂಡತಿ’ ಎಂದು ಪರಿಗಣಿಸಲಾಗದು ಎಂದಿತು. 2000ದಲ್ಲಿ, ಗಂಡನನ್ನು ತೊರೆದು ಹೋದಳೆಂಬ ಕಾರಣಕ್ಕೆ ವಿಚ್ಛೇದಿತಳಾದವಳಿಗೂ ಮರುಮದುವೆಯಾಗದಿರುವವರೆಗೆ ಜೀವನಾಂಶದ ಹಕ್ಕುಂಟು ಎಂದು ತೀರ್ಪಿತ್ತಿತು. ವ್ಯಭಿಚಾರದ ಆಧಾರದ ಮೇಲೆಯೇ ವಿಚ್ಛೇದನವಾಗಿದ್ದರೆ ಏನು ಎಂಬ ಬಗ್ಗೆ ಹೈಕೋರ್ಟ್‌ಗಳಲ್ಲಿ ಒಮ್ಮತವಿಲ್ಲ.

ಇತರ ಕಾಯ್ದೆಗಳು

1954ರ ವಿಶೇಷ ವಿವಾಹ ಕಾಯ್ದೆಯ 37ನೇ ಕಲಂ ಹೆಂಡತಿಗೆ ಮಾತ್ರ ಶಾಶ್ವತ ಜೀವನಾಂಶ ಕೊಡುತ್ತದೆ. ಆಕೆ ಮರುಮದುವೆಯಾದರೆ ಅಥವಾ ಶೀಲವಂತ ಬದುಕು ನಡೆಸದಿದ್ದರೆ ಗಂಡನ ಕೋರಿಕೆಯ ಮೇಲೆ ಆದೇಶ ಬದಲಿಸಬಹುದು ಎನ್ನುತ್ತದೆ. 1936ರ ಪಾರ್ಸಿ ವಿವಾಹ ಮತ್ತು ವಿಚ್ಛೇದನ ಕಾಯ್ದೆಯ 40ನೇ ಕಲಂ ಹಿಂದೂ ವಿವಾಹ ಕಾಯ್ದೆಯ ಜಾಡಿನಲ್ಲೇ ಸಾಗುತ್ತದೆ. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯು ಆದೇಶದ ಬದಲಾವಣೆಗೆ ಮುಖ್ಯವಾಗಿ ಗಂಡನ ಪಾವತಿಯ ಶಕ್ತಿ ಕುಂದಿದ್ದನ್ನು ಕಾರಣವಾಗಿ ಹೇಳುತ್ತದೆ.

ಮುಸ್ಲಿಂ ವಿಚ್ಛೇದಿತೆಯರ ವಿಷಯದಲ್ಲಿ 1985ರ ಶಾ ಬಾನೊ ತೀರ್ಪು, ಅದರ ಬೆನ್ನಿಗೆ ಬಂದ 1986ರ ಕಾಯ್ದೆ, ಆ ಕಾಯ್ದೆಯನ್ನು ಅರ್ಥೈಸಿದ 2001ರ ದಾನಿಯಲ್ ಲತೀಫಿ ತೀರ್ಪು ಮುಖ್ಯವಾದವು. ಇದ್ದತ್ (ವಿಚ್ಛೇದನದ ನಂತರ ಹೆಂಗಸು ಮರುಮದುವೆಯಾಗದೆ ಕಾಯಬೇಕಾದ ಕಾಲ) ಅವಧಿಯೊಳಗೆ ಗಂಡ ಕೊಡಬೇಕಾದ ನ್ಯಾಯೋಚಿತ ಏರ್ಪಾಡು ಆಕೆಯ ಮುಂದಿನ ಬದುಕಿಗೂ ಸಾಲುವಂತಿರಬೇಕು ಎಂದು 2001ರ ತೀರ್ಪು ಹೇಳಿತು. ಇದ್ದತ್ ನಂತರ ಬಂಧುಗಳು ಅಥವಾ ವಕ್ಫ್ ಮಂಡಳಿ ಹೊರಬೇಕಾದ ಹೊಣೆ ಆಕೆ ಮರುಮದುವೆಯಾಗದಿದ್ದರೆ ಮಾತ್ರ. 2009ರಲ್ಲಿ ಸುಪ್ರೀಂ ಕೋರ್ಟ್, ಮರುಮದುವೆಯಾಗುವವರೆಗೆ ಆಕೆ 125ನೇ ಕಲಮಿನಡಿ ಇದ್ದತ್ ನಂತರವೂ ಜೀವನಾಂಶ ಪಡೆಯಬಹುದು ಎಂದಿತು. 2024ರ ಜುಲೈ 10ರ ತೀರ್ಪಿನಲ್ಲಿ ಆ ಕಲಂ ಮುಸ್ಲಿಂ ಮಹಿಳೆಯರಿಗೂ ಅನ್ವಯಿಸುತ್ತದೆಂದು ಮತ್ತೊಮ್ಮೆ ಸ್ಪಷ್ಟಪಡಿಸಿತು.

ಯಾವುದು ಮರುಮದುವೆ

ಜೀವನಾಂಶ ನಿಲ್ಲಬೇಕಾದರೆ ಮರುಮದುವೆ ಕಾನೂನಿನ ಕಣ್ಣಿನಲ್ಲಿ ಮದುವೆಯಾಗಿರಬೇಕು. ನೋಂದಣಿಯೇ ಆಗಬೇಕೆಂದಿಲ್ಲ. ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಎರಡು ಪಕ್ಷಗಳಲ್ಲಿ ಯಾರದಾದರೂ ಸಾಂಪ್ರದಾಯಿಕ ವಿಧಿಯಂತೆ ನಡೆದ ಮದುವೆಯನ್ನು ಒಪ್ಪುತ್ತದೆ. ಕರ್ನಾಟಕದ ಹಲವು ಸಮುದಾಯಗಳಲ್ಲಿ ವಿಧವೆಯರಿಗೂ ಗಂಡನನ್ನು ಬಿಟ್ಟವರಿಗೂ ಸೀರೆ ಉಡಿಸಿ ಸರಳವಾಗಿ ಮಾಡುವ ಉಡಿಕೆ ಅಥವಾ ಕೂಡಿಕೆ ಪದ್ಧತಿ ಇದೆ. ಅಂಥ ರೂಢಿ ಆ ಸಮುದಾಯದಲ್ಲಿ ಬಹುಕಾಲದಿಂದ ಅವಿಚ್ಛಿನ್ನವಾಗಿ ನಡೆದುಬಂದಿದೆಯೆಂದು ಸಾಬೀತಾದರೆ, ಹೋಮ, ಸಪ್ತಪದಿ ಇಲ್ಲದಿದ್ದರೂ ಅದು ಮದುವೆಯೇ. ರೂಢಿಯನ್ನು ಸಾಬೀತುಪಡಿಸುವ ಹೊಣೆ ಅದನ್ನು ಮುಂದಿಡುವವರದು.

ಇದಕ್ಕೆ ವ್ಯತಿರಿಕ್ತವಾಗಿ, ಮೊದಲ ಮದುವೆ ಉಳಿದಿರುವಾಗಲೇ ನಡೆದ ಎರಡನೇ ಮದುವೆ ಹಿಂದೂ ವಿವಾಹ ಕಾಯ್ದೆಯಡಿ ಅಸಿಂಧು. ಹೀಗಾಗಿ ವಿಚ್ಛೇದನವಿಲ್ಲದೆ ಬರೀ ಬೇರೆಯಾಗಿರುವ ಹೆಂಡತಿ ಇನ್ನೊಬ್ಬನಿಂದ ತಾಳಿ ಕಟ್ಟಿಸಿಕೊಂಡರೆ ಅಲ್ಲಿ ಏಳುವುದು ಮರುಮದುವೆಯ ಪ್ರಶ್ನೆಯಲ್ಲ, 125ನೇ ಕಲಮಿನ ನಾಲ್ಕನೇ ಉಪಕಲಮಿನ ಪ್ರಶ್ನೆ. ಆದರೆ ಅಂಥ ಸಂಬಂಧದಲ್ಲಿರುವವಳನ್ನು ಕಾನೂನು ಪೂರ್ತಿ ಕೈಬಿಟ್ಟಿಲ್ಲ. ಮೊದಲ ಮದುವೆ ಕಾನೂನುಬದ್ಧವಾಗಿ ರದ್ದಾಗಿಲ್ಲದಿದ್ದರೂ ಎರಡನೇ ಗಂಡನಿಂದ 125ನೇ ಕಲಮಿನಡಿ ಜೀವನಾಂಶ ಪಡೆಯಬಹುದೆಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಹೇಳಿತು. ಅಸಿಂಧುವೆಂದು ಘೋಷಿತವಾದ ಮದುವೆಯಲ್ಲೂ 25ನೇ ಕಲಮಿನ ಶಾಶ್ವತ ಜೀವನಾಂಶ ಕೊಡಬಹುದೆಂದು ಮರುತಿಂಗಳ ಇನ್ನೊಂದು ತೀರ್ಪು ಹೇಳಿತು.

ವಿದೇಶದಲ್ಲಿ ನೆಲೆಸಿದ ಕನ್ನಡಿಗರ ದಾಂಪತ್ಯಗಳಲ್ಲಿ ಇನ್ನೊಂದು ತೊಡಕು ಕಾಣುತ್ತದೆ. ಸುಪ್ರೀಂ ಕೋರ್ಟಿನ 1991ರ ನರಸಿಂಹ ರಾವ್ ತೀರ್ಪಿನ ಪ್ರಕಾರ, ಮದುವೆ ಯಾವ ಕಾನೂನಿನಡಿ ಆಗಿದೆಯೋ ಅದರಲ್ಲಿ ಹೇಳಿದ ಆಧಾರದ ಮೇಲೆ, ಆ ಕಾನೂನು ಮನ್ನಿಸುವ ನ್ಯಾಯಾಲಯ ಕೊಟ್ಟ ಡಿಕ್ರಿಗೇ ಸಾಮಾನ್ಯವಾಗಿ ಭಾರತದಲ್ಲಿ ಬೆಲೆ. ಇನ್ನೊಬ್ಬರು ವಿದೇಶಿ ನ್ಯಾಯಾಲಯದ ಅಧಿಕಾರವನ್ನು ಸ್ವಇಚ್ಛೆಯಿಂದ ಒಪ್ಪಿದ್ದರೆ ಅದು ವಿನಾಯಿತಿ. ಏಕಪಕ್ಷೀಯ ವಿದೇಶಿ ವಿಚ್ಛೇದನವನ್ನು ನೆಚ್ಚಿ ಮಾಡಿಕೊಂಡ ಮರುಮದುವೆ ಇಲ್ಲಿ ಅಸಿಂಧುವಾಗುವ ಅಪಾಯವಿದ್ದು, ಮೊದಲ ದಾಂಪತ್ಯದ ಜೀವನಾಂಶದ ಹೊಣೆ ಹಾಗೆಯೇ ಉಳಿಯುತ್ತದೆ.

ಸಹಜೀವನ

ವಿಚ್ಛೇದಿತರು ಮದುವೆಯಾಗದೆ ಹೊಸ ಸಂಗಾತಿಯೊಡನೆ ಒಂದೇ ಸೂರಿನಡಿ ಬಾಳುವುದು ನಗರಗಳಲ್ಲಿ ಹೆಚ್ಚು ಕಾಣುವ ಸ್ಥಿತಿ. ಮದುವೆಯಾದರೆ ಜೀವನಾಂಶ ನಿಲ್ಲುವುದೆಂಬ ಅಂಜಿಕೆಯೇ ಕೆಲವೊಮ್ಮೆ ಇದಕ್ಕೆ ಕಾರಣವೆಂಬ ವಾದವೂ ನ್ಯಾಯಾಲಯಗಳ ಮುಂದೆ ಬರುತ್ತದೆ. ಭಾರತದ ಯಾವ ವೈವಾಹಿಕ ಕಾಯ್ದೆಯೂ ಸಹಜೀವನವನ್ನು ಹೆಸರಿಸಿ ಜೀವನಾಂಶಕ್ಕೆ ತಡೆಯೆಂದು ಹೇಳಿಲ್ಲ. ಶೀಲ, ವ್ಯಭಿಚಾರ, ಪರಿಸ್ಥಿತಿಯ ಬದಲಾವಣೆ ಎಂಬ ಹಳೆಯ ಶೀರ್ಷಿಕೆಗಳೊಳಗೇ ನ್ಯಾಯಾಲಯಗಳು ಇದನ್ನು ಪರಿಶೀಲಿಸುತ್ತವೆ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಯ 2005ರ ಕಾಯ್ದೆ ‘ಮದುವೆಯಂಥ ಸಂಬಂಧ’ವನ್ನು ಕಾನೂನಿನ ಭಾಷೆಗೆ ತಂದಿತು. ಅಂಥ ಸಂಬಂಧದ ಗುರುತುಗಳನ್ನು ಸುಪ್ರೀಂ ಕೋರ್ಟ್ 2010ರ ವೇಲುಸ್ವಾಮಿ ತೀರ್ಪಿನಲ್ಲಿ ಪಟ್ಟಿಮಾಡಿತು: ಜೋಡಿ ಸಮಾಜದೆದುರು ಗಂಡಹೆಂಡಿರಂತೆ ನಡೆದುಕೊಂಡಿರಬೇಕು, ಇಬ್ಬರೂ ಮದುವೆಯ ವಯಸ್ಸಿನವರಾಗಿದ್ದು ಮದುವೆಗೆ ಅರ್ಹರಾಗಿರಬೇಕು, ಸ್ವಇಚ್ಛೆಯಿಂದ ಗಣನೀಯ ಕಾಲ ಒಟ್ಟಿಗೆ ಬಾಳಿರಬೇಕು. ಬೆಂಗಳೂರಿನಿಂದ ಮೇಲ್ಮನವಿಯಾಗಿ ಹೋದ ಇಂದ್ರಾ ಶರ್ಮಾ ಪ್ರಕರಣದಲ್ಲಿ 2013ರಲ್ಲಿ ಇದು ಇನ್ನಷ್ಟು ವಿಸ್ತಾರವಾಯಿತು. ಸಂಬಂಧದ ಅವಧಿ, ಹಂಚಿಕೊಂಡ ಮನೆ, ಒಟ್ಟುಗೂಡಿದ ಹಣಕಾಸು, ಮಕ್ಕಳು ಇವನ್ನೆಲ್ಲ ನೋಡಬೇಕೆಂದು ಕೋರ್ಟ್ ಹೇಳಿತು. ಮೂಲತಃ ಹೊಸ ಸಂಗಾತಿಯಿಂದ ಪರಿಹಾರ ಕೇಳುವ ಹೆಂಗಸಿಗಾಗಿ ರೂಪುಗೊಂಡ ಈ ಅಳತೆಗೋಲುಗಳು, ಹಳೆಯ ಗಂಡ ಜೀವನಾಂಶ ನಿಲ್ಲಿಸಲು ಕೋರಿದಾಗಲೂ ಸಂಬಂಧದ ಗಟ್ಟಿತನ ಅಳೆಯಲು ನೆರವಾಗಬಲ್ಲವು. ಇನ್ನೊಂದೆಡೆ, ವ್ಯಭಿಚಾರದಲ್ಲಿ ಬಾಳುವ ಹೆಂಡತಿ ಈ ಕಾಯ್ದೆಯಡಿ ಗಂಡನಿಂದ ಜೀವನಾಂಶ ಕೇಳಲಾಗದೆಂದು ಕರ್ನಾಟಕ ಹೈಕೋರ್ಟ್ 2023ರಲ್ಲಿ ಹೇಳಿದೆ.

ವ್ಯಭಿಚಾರವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 497ನೇ ಕಲಮನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದು ರದ್ದುಪಡಿಸಿತು. ಆದರೆ ವಿಚ್ಛೇದನಕ್ಕೂ ಜೀವನಾಂಶದ ನಿರಾಕರಣೆಗೂ ವ್ಯಭಿಚಾರ ಸಿವಿಲ್ ಆಧಾರವಾಗಿ ಉಳಿದಿದೆ.

ಇಡಿಗಂಟು ಮತ್ತು ಒಪ್ಪಂದ

ಪರಸ್ಪರ ಸಮ್ಮತಿಯ ವಿಚ್ಛೇದನಗಳಲ್ಲಿ ಹಣವನ್ನು ಹೆಚ್ಚಾಗಿ ಇಡಿಗಂಟಾಗಿ ಗೊತ್ತುಮಾಡುತ್ತಾರೆ. ಇದು ಎರಡೂ ಕಡೆಯ ಲೆಕ್ಕವನ್ನು ಒಮ್ಮೆಗೇ ಚುಕ್ತಾ ಮಾಡುವ ಏರ್ಪಾಡು. ಪಡೆದವರು ಮರುತಿಂಗಳೇ ಮದುವೆಯಾದರೂ ಕೊಟ್ಟವರು ಸಾಮಾನ್ಯವಾಗಿ ಹಣ ಹಿಂದಕ್ಕೆ ಕೇಳಲಾಗದು. ಕೊಡುವವರ ಸಾಲದ ಸುಳಿ, ನೌಕರಿ ನಷ್ಟ, ಮುಂದಿನ ಜಗಳ ಇವುಗಳ ಅಪಾಯವಿಲ್ಲವೆಂದು ಪಡೆಯುವವರೂ, ಮುಂದೆ ಹೆಚ್ಚಳದ ಅರ್ಜಿ ಬರುವುದಿಲ್ಲವೆಂದು ಕೊಡುವವರೂ ಇದನ್ನು ಬಯಸುತ್ತಾರೆ. ಇಡಿಗಂಟನ್ನು ಕಂತುಗಳಲ್ಲಿ ಕೊಡಲು ಒಪ್ಪಿದ್ದು, ನಡುವೆ ಮರುಮದುವೆಯಾದರೆ ಉಳಿದ ಕಂತುಗಳ ಗತಿ ಒಪ್ಪಂದದ ಮಾತುಗಳನ್ನು ಅವಲಂಬಿಸುತ್ತದೆ. ಆದ್ದರಿಂದ ಮರುಮದುವೆ, ಸಹಜೀವನ ಎರಡರ ಪರಿಣಾಮವನ್ನೂ ಒಪ್ಪಂದಪತ್ರದಲ್ಲಿ ಬಿಡಿಸಿ ಬರೆಸುವುದು ವಕೀಲರ ರೂಢಿ.

ಮಕ್ಕಳ ಪಾಲು

ತಾಯಿಯ ಜೀವನಾಂಶವೂ ಮಕ್ಕಳ ಪೋಷಣೆಯ ಹಣವೂ ಬೇರೆ ಬೇರೆ. ತಾಯಿ ಮರುಮದುವೆಯಾದ ಮಾತ್ರಕ್ಕೆ ತಂದೆಯ ಹೊಣೆ ತೀರುವುದಿಲ್ಲ. ಮಲತಂದೆ ಮಗುವನ್ನು ಅಕ್ಕರೆಯಿಂದ ಸಾಕುತ್ತಿದ್ದರೂ ಹೆತ್ತ ತಂದೆಯ ಕಾನೂನುಬದ್ಧ ಕರ್ತವ್ಯ ಉಳಿದೇ ಇರುತ್ತದೆ. ಇಬ್ಬರಿಗೂ ಸೇರಿಸಿ ಒಂದೇ ಮೊತ್ತದ ಆದೇಶವಿದ್ದಲ್ಲಿ ತಾಯಿಯ ಪಾಲನ್ನು ಬೇರ್ಪಡಿಸಿ ಮಕ್ಕಳ ಪಾಲನ್ನು ಮುಂದುವರಿಸಬೇಕಾಗುತ್ತದೆ. ತಾಯಿಯ ಹೊಸ ಸಂಬಂಧದ ನೆಪದಲ್ಲಿ ಮಗುವಿನ ಸುಪರ್ದಿ ಕೇಳಿದರೆ, ಅಲ್ಲಿ ಮುಖ್ಯವಾಗುವುದು ಮಗುವಿನ ಹಿತವೇ ಹೊರತು ತಾಯಿಯ ವೈಯಕ್ತಿಕ ಬದುಕಲ್ಲ.

ಕೊಡುವವರ ಹೊಸ ಸಂಬಂಧ

ಜೀವನಾಂಶ ಕೊಡಬೇಕಾದ ಗಂಡ ಮರುಮದುವೆಯಾದರೆ ಮೊದಲ ಹೆಂಡತಿಯ ಹಕ್ಕು ಅಳಿಯುವುದಿಲ್ಲ. ಹೊಸ ಸಂಸಾರದ ಖರ್ಚು ಮೊತ್ತದ ಲೆಕ್ಕದಲ್ಲಿ ಒಂದು ಅಂಶವಾಗಬಹುದು, ಅಷ್ಟೆ. 2017ರ ಕಲ್ಯಾಣ್ ಡೇ ಚೌಧುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಂಡನ ನಿವ್ವಳ ಸಂಬಳದ ಶೇಕಡ 25ರಷ್ಟು ಹೆಂಡತಿಗೆ ಯೋಗ್ಯ ಮೊತ್ತವೆಂದು ಹೇಳುತ್ತಲೇ, ಆತ ಮರುಮದುವೆಯಾಗಿ ಮಗುವನ್ನೂ ಸಾಕಬೇಕಾದ್ದನ್ನು ಗಮನಿಸಿ ತಿಂಗಳಿಗೆ 23,000 ಇದ್ದುದನ್ನು 20,000 ರೂಪಾಯಿಗೆ ಇಳಿಸಿತು. 2025ರ ಮೇ ತಿಂಗಳ ಒಂದು ತೀರ್ಪು ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. ಗಂಡ ಮರುಮದುವೆಯಾಗಿದ್ದು, ಹೆಂಡತಿ ಒಂಟಿಯಾಗಿಯೇ ಉಳಿದಿದ್ದಳು. ಕೋರ್ಟ್ ಆಕೆಯ ಜೀವನಾಂಶವನ್ನು ತಿಂಗಳಿಗೆ 50,000 ರೂಪಾಯಿಗೆ ಏರಿಸಿ, ಎರಡು ವರ್ಷಕ್ಕೊಮ್ಮೆ ಶೇಕಡ 5ರ ಹೆಚ್ಚಳ ವಿಧಿಸಿತು.

ಕರ್ನಾಟಕ ಹೈಕೋರ್ಟಿನ 2021ರ ತೀರ್ಪೊಂದು ಈ ವಿಷಯದಲ್ಲಿ ಗಮನಾರ್ಹ. ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯ ವಿಚ್ಛೇದಿತ ಮುಸ್ಲಿಂ ಮಹಿಳೆಗೆ ಆಕೆ ಮರುಮದುವೆಯಾಗುವವರೆಗೆ ಅಥವಾ ಇಬ್ಬರಲ್ಲೊಬ್ಬರು ಸಾಯುವವರೆಗೆ ತಿಂಗಳಿಗೆ 3,000 ರೂಪಾಯಿ ಗೊತ್ತುಮಾಡಿತ್ತು. ತಾನು ಮತ್ತೆ ಮದುವೆಯಾಗಿ ಮಗುವನ್ನು ಸಾಕುತ್ತಿರುವೆನೆಂಬ ಗಂಡನ ಅಳಲನ್ನು ಹೈಕೋರ್ಟ್ ಒಪ್ಪದೆ, 25,000 ರೂಪಾಯಿ ದಂಡವೆಚ್ಚದೊಡನೆ ಅರ್ಜಿ ವಜಾಮಾಡಿತು.

ದಾಂಪತ್ಯ ಇನ್ನೂ ಉಳಿದಿರುವಾಗ ಗಂಡ ಬೇರೆ ಮದುವೆಯಾದರೆ ಅಥವಾ ಬೇರೊಬ್ಬಳನ್ನು ಇಟ್ಟುಕೊಂಡರೆ, ಹೆಂಡತಿ ಅವನೊಡನೆ ಇರಲು ಒಪ್ಪದಿರುವುದಕ್ಕೆ ಅದೇ ನ್ಯಾಯವಾದ ಕಾರಣವೆಂದು ದಂಡ ಪ್ರಕ್ರಿಯೆಯ ಕಾನೂನು ಹೇಳುತ್ತದೆ. ಅಂದರೆ ಇಲ್ಲಿ ಹೊಸ ಸಂಬಂಧ ಜೀವನಾಂಶದ ಹಕ್ಕನ್ನು ಗಟ್ಟಿಗೊಳಿಸುತ್ತದೆ.

ಪ್ರಕ್ರಿಯೆ ಮತ್ತು ಸಾಕ್ಷ್ಯ

ಆದೇಶವಿರುವವರೆಗೆ ಹಣ ಕೊಡುವುದನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸುವಂತಿಲ್ಲ. ಆದೇಶ ಕೊಟ್ಟ ನ್ಯಾಯಾಲಯಕ್ಕೇ ಬದಲಾವಣೆ ಅಥವಾ ರದ್ದತಿಯ ಅರ್ಜಿ ಹಾಕಬೇಕು. ಹಾಗೆ ಮಾಡದೆ ನಿಲ್ಲಿಸಿದವರ ಮೇಲೆ ಬಾಕಿ ವಸೂಲಿಗೆ ವಾರಂಟ್ ಹೊರಡಬಹುದು. ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆವಾಸವನ್ನೂ ವಿಧಿಸಬಹುದು. ಪಡೆಯುವವರು ಬಾಕಿ ಬಿದ್ದ ಒಂದು ವರ್ಷದೊಳಗೆ ವಸೂಲಿಯ ಅರ್ಜಿ ಹಾಕಬೇಕೆಂಬ ಮಿತಿಯೂ ದಂಡ ಪ್ರಕ್ರಿಯೆಯ ಕಾನೂನಿನಲ್ಲಿದೆ.

ಹೊಸ ಸಂಬಂಧವನ್ನು ಸಾಬೀತುಪಡಿಸುವ ಹೊಣೆ ಅದನ್ನು ಆರೋಪಿಸುವವರದು. ವಿವಾಹ ನೋಂದಣಿಯ ಪ್ರತಿ, ಲಗ್ನಪತ್ರಿಕೆ, ಪಡಿತರ ಚೀಟಿ, ಬಾಡಿಗೆ ಕರಾರು, ಜಂಟಿ ಬ್ಯಾಂಕ್ ಖಾತೆ, ನೆರೆಹೊರೆಯವರ ಹೇಳಿಕೆ ಇವು ಸಾಮಾನ್ಯವಾಗಿ ಹಾಜರಾಗುವ ಸಾಕ್ಷ್ಯಗಳು. ಇತ್ತೀಚೆಗೆ ಸಾಮಾಜಿಕ ಜಾಲತಾಣಗಳ ಚಿತ್ರಗಳನ್ನೂ ಹಾಜರುಪಡಿಸುತ್ತಾರೆ. ಒಟ್ಟಿಗೆ ತೆಗೆಸಿಕೊಂಡ ಒಂದೆರಡು ಚಿತ್ರಗಳಿಂದಷ್ಟೇ ಸಹಜೀವನ ಸಾಬೀತಾಗುವುದಿಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 14ನೇ ಕಲಂ, ವ್ಯಾಜ್ಯ ಬಗೆಹರಿಸಲು ನೆರವಾಗುವ ಯಾವುದೇ ದಾಖಲೆಯನ್ನು ಸಾಕ್ಷ್ಯ ಕಾನೂನಿನ ಬಿಗಿ ನಿಯಮಗಳಾಚೆಗೂ ಸ್ವೀಕರಿಸುವ ಅಧಿಕಾರ ಕೊಟ್ಟಿದೆ. ರಜನೇಶ್–ನೇಹಾ ಪ್ರಕರಣದ 2020ರ ತೀರ್ಪಿನ ನಂತರ ಎರಡೂ ಕಡೆಯವರು ಆದಾಯ, ಆಸ್ತಿ, ಸಾಲಗಳ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸುವುದು ಕಡ್ಡಾಯವಾಗಿದೆ.

ಇತರ ದೇಶಗಳಲ್ಲಿ

ಇಂಗ್ಲೆಂಡಿನ 1973ರ ವೈವಾಹಿಕ ಮೊಕದ್ದಮೆಗಳ ಕಾಯ್ದೆಯ ಪ್ರಕಾರ ಮಾಸಿಕ ಪಾವತಿ ಮರುಮದುವೆಯೊಡನೆ ತಾನಾಗಿ ನಿಲ್ಲುತ್ತದೆ. ಸಹಜೀವನಕ್ಕೆ ಅಂಥ ನೇರ ಪರಿಣಾಮವಿಲ್ಲ, ಹೊಸ ಸಂಗಾತಿಯಿಂದ ಸಿಗುವ ಆರ್ಥಿಕ ನೆರವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೇರೆ ಒಪ್ಪಂದವಿಲ್ಲದಿದ್ದರೆ ಮರುಮದುವೆಯಿಂದ ಹೊಣೆ ಮುಗಿಯುತ್ತದೆ. ಮದುವೆಯಾಗದ ಸಂಗಾತಿಯೊಡನೆ ವಾಸಿಸಿದರೆ ಅಗತ್ಯ ಕಡಿಮೆಯಾಗಿದೆಯೆಂದು ಕಾನೂನು ಊಹಿಸಿಕೊಳ್ಳುತ್ತದೆ. ಆ ಊಹೆಯನ್ನು ಸಾಕ್ಷ್ಯದಿಂದ ಅಲ್ಲಗಳೆಯಬಹುದು. ಜರ್ಮನಿಯ ಸಿವಿಲ್ ಸಂಹಿತೆ 2008ರ ಸುಧಾರಣೆಯ ನಂತರ ‘ನೆಲೆಗೊಂಡ ಸಹಬಾಳ್ವೆ’ಯನ್ನು ಜೀವನಾಂಶ ಕಡಿತದ ಪ್ರತ್ಯೇಕ ಆಧಾರವಾಗಿ ಹೆಸರಿಸಿದೆ.

ಭಾರತದ ಕೇಂದ್ರ ಕಾಯ್ದೆಗಳಲ್ಲಿ ಅಂಥ ಊಹೆಯಾಗಲಿ ಪ್ರತ್ಯೇಕ ಆಧಾರವಾಗಲಿ ಇಲ್ಲ. 2025ರ ಜನವರಿಯಲ್ಲಿ ಜಾರಿಗೆ ಬಂದ ಉತ್ತರಾಖಂಡದ ಏಕರೂಪ ನಾಗರಿಕ ಸಂಹಿತೆ ಸಹಜೀವನದ ನೋಂದಣಿಯನ್ನು ಕಡ್ಡಾಯ ಮಾಡಿ, ಸಂಗಾತಿ ತೊರೆದುಹೋದ ಹೆಂಗಸಿಗೆ ಅವನಿಂದ ಜೀವನಾಂಶ ಕೇಳುವ ಹಕ್ಕು ಕೊಟ್ಟಿದೆ. ಕರ್ನಾಟಕವೂ ಸೇರಿ ಉಳಿದೆಡೆಗಳಲ್ಲಿ ಮರುಮದುವೆಯಲ್ಲದ ಹೊಸ ಸಂಬಂಧದ ಪರಿಣಾಮವನ್ನು ಆಯಾ ಪ್ರಕರಣದ ಸಾಕ್ಷ್ಯ ನೋಡಿ ನ್ಯಾಯಾಲಯವೇ ನಿರ್ಧರಿಸುತ್ತದೆ.